ಯಜಮಾನನ ತೊಟ್ಟಿಗೆ ಹೊಸಬ

ಮಕ್ಕಳು ಹೆದರದೆ ಕೂತಿರಲಿ ಎಂದು ಹಲ್ಲಿನ ಡಾಕ್ಟರು ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಿಸಿದ್ದರು. ಹೆದರಿಕೆ ಶುರುವಾದದ್ದೇ ಅಲ್ಲಿಂದ. ಅದರಲ್ಲಿದ್ದ, ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ದಪ್ಪ ಮೀನು ನೋಡಲು ಮುದ್ದಾಗಿತ್ತು, ಗುಣ ಮಾತ್ರ ಬೀದಿ ಜಗಳಗಂಟನದು. ಜೊತೆಗೆ ಬಿಟ್ಟ ಮೀನುಗಳ ಬಾಲ ಕಚ್ಚಿ ಕಚ್ಚಿ ಎಲ್ಲವನ್ನೂ ಅಂಗಡಿಗೆ ವಾಪಸು ಕಳಿಸಿತ್ತು. ನರ್ಸಕ್ಕ ಅದಕ್ಕೆ ಯಜಮಾನ ಎಂದೇ ಹೆಸರಿಟ್ಟಿದ್ದಳು. ಆ ಕಾದಾಟ ಕಂಡ ಮಕ್ಕಳು ಕುರ್ಚಿ ಹತ್ತುವ ಮೊದಲೇ ತುಟಿ ಹೊಲಿದುಕೊಂಡಂತೆ ಕೂರುತ್ತಿದ್ದರು. ಒಂದೊಂದೇ ಮನೆಯವರು ಹಿಂದಿನ ಬೀದಿಯ ಡಾಕ್ಟರ ಕಡೆ ಹೊರಳತೊಡಗಿದ್ದರು.

ಕೊನೆಯದಾಗಿ ಒಂದು ಕೈ ನೋಡೋಣವೆಂದು ಡಾಕ್ಟರು ಆ ಬೆಳಿಗ್ಗೆ ಅದೇ ಜಾತಿಯ ಪುಟ್ಟ ಮೀನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಅಂಗಡಿಯವನು ಹೇಳಿಕೊಟ್ಟಂತೆ ಚೀಲವನ್ನು ನೀರಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪಸ್ವಲ್ಪವೇ ಬೆರೆಸಿದರು. ಅಂಗಿಯ ತೋಳು ಮಡಚಿ ತೊಟ್ಟಿಯೊಳಗಿನ ಕಲ್ಲುಗಳನ್ನೆಲ್ಲ ಅದಲು ಬದಲು ಮಾಡಿದರು. ತನ್ನ ಮನೆ ಯಾವುದೆಂದೇ ತಿಳಿಯದಿದ್ದರೆ ಯಾರನ್ನು ತಾನೇ ಹೊರಗಟ್ಟುತ್ತಾನೆ ಎಂಬುದು ಲೆಕ್ಕ. ಯಜಮಾನ ಒಂದು ಸುತ್ತು ಹಾಕಿ, ಇಡೀ ತೊಟ್ಟಿಯೇ ತನ್ನದೆಂದು ತೀರ್ಮಾನಿಸಿದವನಂತೆ ನಟ್ಟನಡುವೆ ನಿಂತ.

ಅಷ್ಟರಲ್ಲಿ ಪಕ್ಕದ ಕನ್ನಡಕದ ಅಂಗಡಿಯವರು ಕರೆಯದೆಯೇ ಬಂದರು, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯನ್ನು ಹೊತ್ತುಕೊಂಡು. ಯಜಮಾನ ತನ್ನ ಬಿಂಬದ ಜೊತೆ ಜಗಳಕ್ಕೆ ನಿಂತಿರುವಾಗ ಹೊಸಬನನ್ನು ಮೆಲ್ಲಗೆ ಒಳಗೆ ಬಿಡಬಹುದೆಂದು ಅವರ ಉಪಾಯ. ಕನ್ನಡಿಯನ್ನು ತೊಟ್ಟಿಯ ಗಾಜಿಗೆ ಆನಿಸಿದ್ದಾಯಿತು. ಯಜಮಾನ ಒಮ್ಮೆ ನೋಡಿ ಬೆನ್ನು ತಿರುಗಿಸಿದ. ಕನ್ನಡಕದವರೇ ಅದನ್ನು ತಮ್ಮ ಕಡೆ ತಿರುಗಿಸಿಕೊಂಡು ತಲೆ ಬಾಚಿಕೊಂಡರು.

ಊದಿದ ಕೆನ್ನೆಯ ಮೊಮ್ಮಗಳನ್ನು ಎಳೆದುಕೊಂಡು ಒಬ್ಬ ಅಜ್ಜಿ ಬಂದದ್ದು ಆಗಲೇ. ಹಿಂದಿನ ಸಲವೂ ಬಾಯಿ ತೆರೆಯದೆ ಹೋದ ಹುಡುಗಿ ಅದು. ಹೊಟ್ಟೆ ತುಂಬಿದವರಿಗೆ ಜಗಳ ಬೇಕಿರುವುದಿಲ್ಲ, ಮೊದಲು ಊಟ ಹಾಕಿ ಎಂದಳು ಅಜ್ಜಿ. ಊಟ ಹಾಕಿದರು. ತೊಟ್ಟಿಯ ದೀಪ ಆರಿಸಿದರು. ಡಾಕ್ಟರು ಉಸಿರು ಬಿಗಿಹಿಡಿದು ಹೊಸಬನನ್ನು ಬಿಟ್ಟರು.

ಯಜಮಾನ ಬಾಣದಂತೆ ನುಗ್ಗಿದ. ಪುಟ್ಟದು ಓಡಲಿಲ್ಲ. ಮಗ್ಗುಲಾಗಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗತೊಡಗಿತು.

"ಡಾಕ್ಟ್ರೇ, ಪಾಪ, ಅದಕ್ಕೆ ಫಿಟ್ಸ್ ಬಂದಿದೆ," ಎಂದಳು ನರ್ಸಕ್ಕ.

ಡಾಕ್ಟರು ತೊಟ್ಟಿಯತ್ತ ಬಗ್ಗಿದರು. ಬಡಪಾಯಿಯನ್ನು ಎತ್ತಿಕೊಳ್ಳಲು ಎಡಗೈ ಮುಳುಗಿಸಿದರು. ಆ ಬಡಪಾಯಿಯೇ ತಿರುಗಿ ಅವರ ಬೆರಳು ಕಚ್ಚಿತು. ಹಿಂದೆಯೇ ಯಜಮಾನನೂ ಬಂದು ತನ್ನ ಪಾಲಿನದು ಕಚ್ಚಿದ. ಡಾಕ್ಟರು ಕೈ ಕಿತ್ತುಕೊಂಡ ರಭಸಕ್ಕೆ ಕನ್ನಡಕದವರ ಬಾಚಿದ ತಲೆ ತೊಪ್ಪೆಯಾಯಿತು. ಹುಡುಗಿ ಕಿಲಕಿಲ ನಕ್ಕಳು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಮೀನಿನಂಗಡಿಯವನೂ ನಕ್ಕ. "ಸಾರ್, ಈ ಜಾತೀಲಿ ದೊಡ್ಡದೇ ಹೆಣ್ಣು. ಚಿಕ್ಕದು ನಡುಗಿದ್ದು 'ನೀನು ಹೇಳಿದ ಹಾಗೆ ಕೇಳ್ತೀನಿ' ಅಂತ. ಅವಳು ಒಪ್ಪಿದ ಹಾಗಿದೆ. ಗಂಡ ಹೆಂಡತಿ ಮಧ್ಯೆ ನೀವ್ಯಾಕೆ ಕೈ ಹಾಕಿದ್ರಿ?"

ನಿಜವೇ. ಯಜಮಾನ ಎನಿಸಿಕೊಂಡಿದ್ದ ಯಜಮಾನಿ ಮುಂದೆ, ಹೊಸಬ ಹಿಂದೆ, ಎರಡೂ ಕಲ್ಲಿನ ಮಗ್ಗುಲಲ್ಲಿ ಸಂಸಾರ ಹೂಡಿದ್ದವು. ಯಾರ ಬಾಲಕ್ಕೂ ಯಾರೂ ಬಾಯಿ ಹಾಕಲಿಲ್ಲ. ಡಾಕ್ಟರಿಗೆ ಕಣ್ಣು ತುಂಬಿಬಂತು. ಕನ್ನಡಕದವರು ತಲೆ ಒರೆಸಿಕೊಳ್ಳುತ್ತಲೇ, ಇದೆಲ್ಲ ಕನ್ನಡಿಯ ಮಹಿಮೆ ಎಂದರು.

ನಗು ಇನ್ನೂ ನಿಂತಿರದ ಹುಡುಗಿ ತಾನಾಗಿಯೇ ಒಳಗೆ ಹೋಗಿ, ಕುರ್ಚಿ ಹತ್ತಿ, ಗುಹೆಯಷ್ಟಗಲ ಬಾಯಿ ತೆರೆದಳು. ಇಂಥ ಬಾಯಿಗಾಗಿಯೇ ಡಾಕ್ಟರು ಇಷ್ಟು ದಿನ ಕಾದಿದ್ದರು.

"ನೋವಾದ್ರೆ ಕೈ ಎತ್ತು ಪುಟ್ಟಿ," ಎಂದು ಅಕ್ಕರೆಯಿಂದ ಹೇಳಿ, ಕೈಗವಸು ತೊಟ್ಟ ಬಲಗೈ ಬೆರಳನ್ನು ಹುಳುಕು ಹಲ್ಲಿನ ಹತ್ತಿರ ಒಯ್ದರು.

ಹುಡುಗಿ ಕೈ ಎತ್ತಲಿಲ್ಲ. ಹೊರಗೆ ಈಗಷ್ಟೇ ಅವಳು ಅದಕ್ಕಿಂತ ಸುಲಭದ ದಾರಿ ಕಲಿತು ಬಂದಿದ್ದಳು.

ನರ್ಸಕ್ಕ ಓಡಿಬಂದಾಗ ಡಾಕ್ಟರು ಒಂಟಿಕಾಲಲ್ಲಿ ಕುಣಿಯುತ್ತಿದ್ದರು. ಬಾಯಾದರೂ ಬಿಟ್ಟಳಲ್ಲ, ಇವತ್ತಿಗೆ ಇಷ್ಟು ಸಾಕು ಎಂದು ಅಜ್ಜಿ ಸಮಾಧಾನ ಹೇಳಿದಳು. ಬಾಗಿಲ ಹತ್ತಿರ ಹೋದ ಹುಡುಗಿ ತಿರುಗಿ ಬಂದಳು.

"ಡಾಕ್ಟ್ರೇ, ನಾಳೆನೂ ಬರ್ಲಾ?"

ಕೈಗವಸು ಕಿತ್ತ ಬೆರಳು ತಮ್ಮ ಬಾಯೊಳಗೇ ಇದ್ದುದರಿಂದ, ಡಾಕ್ಟರು ಬಾ ಎಂದು ತಲೆಯಾಡಿಸಿದರು.