ಮೋಡ ಕಾಯುವವಳ ಮೈಬಣ್ಣ

ನನ್ನ ಬಣ್ಣದ ಪೆಟ್ಟಿಗೆಯ ಮುಚ್ಚಳ ತೆಗೆದ ಕಡೆಯಲ್ಲೆಲ್ಲ ಏನಾದರೊಂದು ನಡೆದೇ ತೀರುತ್ತದೆ. ಶಿವನಿಗೂ ಆಗಾಗ ನಗಬೇಕು ಅನಿಸುತ್ತಿರಬೇಕು, ಆಗ ಅವನು ನನ್ನನ್ನು ಯಾವುದೋ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕಳಿಸುತ್ತಾನೆ. ಮಕ್ಕಳಿಗೆ ವೇಷ ಬಾಡಿಗೆ ಕೊಡುವುದು, ಮುಖಕ್ಕೆ ಬಣ್ಣ ಹಚ್ಚುವುದು ನನ್ನ ಕಾಯಕ. ಮನೆ ಬಸವಕಲ್ಯಾಣ, ಗಿರಾಕಿಗಳು ಹುಮನಾಬಾದಿನವರೆಗೂ. ಬೆಳಗಿನ ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತರೆ ತೊಗರಿ ಹೊಲಗಳ ಮೇಲೆ ಮಂಜು ಮಲಗಿರುತ್ತದೆ. ಮಂತ್ರ ಜಪಿಸುತ್ತಲೇ ತೂಕಡಿಕೆ ಬರುತ್ತದೆ. ಎಚ್ಚರವಾದಾಗ ಜಪ ನಿಲ್ಲದೆ ಮುಂದೆ ಸಾಗಿಯೇ ಇರುತ್ತದೆ. ನಡುವೆ ಯಾರು ಜಪಿಸಿದರು, ಶಿವನಿಗೇ ಗೊತ್ತು.

ಈಚೆಗೆ ಶಾಲೆಗಳಲ್ಲಿ ಪುರಾಣದ ನಾಟಕ ಕಡಿಮೆಯಾಗಿ, ಟೀವಿಯ ಕಾರ್ಟೂನುಗಳನ್ನೇ ಮಕ್ಕಳ ಕೈಲಿ ಆಡಿಸುತ್ತಾರೆ. ದೊಡ್ಡ ದೇಶಗಳಲ್ಲೂ ಹಳೆಯ ಕಾರ್ಟೂನಿನ ಕಥೆಗೆ ಮನುಷ್ಯರನ್ನೇ ಹಾಕಿ ಸಿನೆಮಾ ತೆಗೆಯುತ್ತಾರಂತೆ, ಯಾವ ಪಾತ್ರಕ್ಕೆ ಯಾವ ಬಣ್ಣದವರು ಎಂದು ಜಗಳವೂ ಆಗುತ್ತದಂತೆ. ಶಾಲೆಯ ಬಾಯಿಯೊಬ್ಬರು, ಅಂದರೆ ಟೀಚರು, ಫೋನಿನಲ್ಲಿ ಓದಿ ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ. ಆ ಜಗಳ ನನ್ನ ಪೆಟ್ಟಿಗೆಯ ಮುಂದೆ ಯಾವಾಗಲೋ ನಡೆದುಹೋಗಿದೆ. ಮುಡಬಿ ಹಳ್ಳಿಯ ಹುಡುಗಿಯೊಬ್ಬಳಿಗೆ ಮೋಡ ಕಾಯುವ ಆಸೆ ಇತ್ತು. ಅವಳ ಸಂಗತಿ ಹೇಳಲೆಂದೇ ಕೂತವನು ನಾನು. ಅದಕ್ಕಿಂತ ಮೊದಲು ಎರಡು ಸಣ್ಣವು.

ಎಚ್ಚರದ ಹುಡುಗಿ

ಹುಮನಾಬಾದಿನ ಅಡತಿ ವ್ಯಾಪಾರಿಯೊಬ್ಬರು ಮಗಳನ್ನು ಕರೆತಂದು ಫೋನಿನಲ್ಲಿ ಕಾರ್ಟೂನಿನ ಚಿತ್ರ ತೋರಿಸಿದರು. ಅದರಲ್ಲಿದ್ದ ಹುಡುಗಿಗೆ ಅರ್ಧ ಮುಖ ಬರೀ ಕಣ್ಣು.

“ಹಿಂಗ ಆಗಬೇಕ್ರಿ. ಥೇಟ್ ಹಿಂಗ.”

“ಸಾವ್ಕಾರ್ರ, ಕಣ್ಣು ಕೊಟ್ಟಾವ ಶಿವ. ನಾ ಬರೇ ಕಾಡಿಗಿ ಹಚ್ಚಾವ.”

“ಹಂಗಾದ್ರ ಕಣ್ಣಿನ ರೆಪ್ಪಿ ಮ್ಯಾಲೂ ಬರೀರಿ, ಗಲ್ಲದ ಮ್ಯಾಲೂ ಬರೀರಿ. ಬಣ್ಣಕ್ಕ ಜಾಗಾ ಕಮ್ಮಿ ಅದೇನು?”

ಅವರ ಮಾತೂ ಸರಿಯೇ ಅನಿಸಿತು. ರೆಪ್ಪೆ ಸೇರಿಸಿ ಗಲ್ಲದ ತನಕ ರೊಟ್ಟಿಯಷ್ಟು ಅಗಲದ ಕಣ್ಣು ಬರೆದೆ. ಹುಡುಗಿ ವೇದಿಕೆಯ ಮೇಲೆ ಕೂತಳು. ಅತಿಥಿಗಳ ಭಾಷಣ ಮೊದಲಿತ್ತು. ಅದು ಮುಗಿಯದೆ ಹರಿಯುತ್ತ ಹೋಯಿತು. ಹುಡುಗಿ ಸುಖವಾಗಿ ನಿದ್ದೆಹೋದಳು. ಯಾರಿಗೂ ತಿಳಿಯಲಿಲ್ಲ, ಬರೆದ ಕಣ್ಣು ಅಗಲವಾಗಿ ತೆರೆದೇ ಇತ್ತು.

ಕೊನೆಗೆ ಅತಿಥಿಗಳು ಮೈಕಿನಲ್ಲೇ ಹೇಳಿದರು: “ಇಷ್ಟು ಮಂದಿಯೊಳಗ ನನ್ನ ಮಾತು ಕಣ್ಣು ಮುಚ್ಚಲಾರದ ಕೇಳಿದಾಕಿ ಈ ಕೂಸು ಒಬ್ಬಾಕಿನೇ.”

ದೇವರ ಅಂಗೈ

ಅದೇ ಊರಿನ ಇನ್ನೊಂದು ಶಾಲೆ. ಕಾರ್ಟೂನಿನ ಬಾಲದೇವರು ನೀಲಿ. ಭೂಮಿಯ ಮೇಲೆ ನೀಲಿ ಮೈಯವರು ಯಾರೂ ಇಲ್ಲ, ಆದ್ದರಿಂದ ಆ ಪಾತ್ರಕ್ಕೆ ಎಲ್ಲ ಮಕ್ಕಳೂ ಒಂದೇ ಎಂದು ನಾನು ತಿಳಿದಿದ್ದೆ. ಶಾಲೆಯವರು ಇದ್ದುದರಲ್ಲಿ ಬೆಳ್ಳಗಿನ ಹುಡುಗನನ್ನೇ ಆರಿಸಿದ್ದರು.

ನೀಲಿ ಬಳಿಯುತ್ತಿರುವಾಗ ಅವನ ತಾಯಿ ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದರು: “ಕಾಕಾ, ಒಂದೀಟು ಎಲ್ಲೆರ ಖಾಲಿ ಬಿಡ್ರಿ. ಒಳಗ ಬೆಳ್ಳಗದಾನ ಅಂತ ಮಂದಿಗಿ ಗೊತ್ತಾಗಬೇಕಲ್ರಿ.”

ತಾಯಿಯ ಮನಸ್ಸು. ನೋಯಿಸಲಾಗದೆ ಎರಡು ಅಂಗೈ ಹಾಗೇ ಬಿಟ್ಟೆ.

ಪರದೆ ಸರಿಯಿತು. ಊದಿನಕಡ್ಡಿಯ ಹೊಗೆಯಲ್ಲಿ ನೀಲಿ ದೇವರು ತೇಲಿಬಂದಂತೆ ಬಂದ. ಬಣ್ಣ ಹಚ್ಚಿದವನು ನಾನೇ ಎಂಬುದನ್ನೂ ಮರೆತು ಕೈಮುಗಿದೆ. ಅವನು ಬೆಳ್ಳನೆಯ ಅಂಗೈ ಎತ್ತಿ ಅಭಯ ಕೊಟ್ಟ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಯೂ ಭಕ್ತಿಯಿಂದ ಕೈಮುಗಿದಳು, ಆಮೇಲೆ ಸೊಸೆಯ ಕಡೆ ವಾಲಿ ಅಂದಳು:

“ನೋಡವಾ, ದೇವ್ರು ಹಿಟ್ಟು ನಾದೂದು ಬಿಟ್ಟು ಹಂಗೇ ಎದ್ದು ಬಂದಾನ.”

ಎರಡು ಡಬ್ಬಿ

ಇನ್ನು ಮುಡಬಿಯ ಹುಡುಗಿ. ತಾಯಿ ತೊಗರಿ ಹೊಲದಲ್ಲಿ ಕೂಲಿ ಮಾಡುವಾಕೆ. ಮಗಳು ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಶೇರ್ ಆಟೋ ಹಿಡಿದು ಬಸವಕಲ್ಯಾಣದ ಶಾಲೆಗೆ ಬರುತ್ತಿದ್ದಳು. ಆ ವರ್ಷ ಶಾಲೆಯಲ್ಲಿ ಆಡಿಸಲು ಹಿಡಿದದ್ದು, ಮೋಡ ಕಾಯುವ ಹುಡುಗಿಯ ಕಾರ್ಟೂನು. ಆಡು ಕಾಯುವ ಹಾಗೆ ಅವಳು ಕೋಲು ಹಿಡಿದು ಮೋಡ ಕಾಯುತ್ತಾಳೆ, ಒಣಗಿದ ಊರುಗಳ ಮೇಲೆ ಹೊಡೆದುಕೊಂಡು ಹೋಗಿ ಮಳೆ ಸುರಿಸುತ್ತಾಳೆ. ಕಾರ್ಟೂನಿನಲ್ಲಿ ಅವಳ ಬಣ್ಣ ಮಳೆ ಬಿದ್ದ ಎರೆಮಣ್ಣಿನದು. ನಮ್ಮ ಮುಡಬಿಯವಳದೂ ಅದೇ.

ಬಾಯಿಯವರು ಪಾತ್ರವನ್ನು ಅವಳಿಗೇ ಕೊಟ್ಟಿದ್ದರು. ಅಳತೆ ತೆಗೆದುಕೊಳ್ಳಲು ಹೋದಾಗ ಅವಳು ಹೇಳಿದ್ದಳು: “ಕಾಕಾ, ರಜಾದಾಗ ನಾ ಖರೇನೇ ಆಡು ಕಾಯ್ತೀನ್ರಿ. ಮೋಡದ ನೆಳ್ಳು ಹೊಲದಾಗ ಓಡ್ತದಲ್ರಿ, ನಾ ಅದರ ಜೋಡಿ ಓಡ್ತೀನಿ. ಅದು ನಿಂತ್ರ ನಾನೂ ನಿಂದರ್ತೀನಿ.”

ಆ ಮಾತು ಕೇಳಿದ ದಿನ ಕೆರೆಯ ದಂಡೆಯಲ್ಲಿ ಬಹಳ ಹೊತ್ತು ಮೋಡ ನೋಡುತ್ತ ಕೂತಿದ್ದೆ. ಸಂಜೆ ಪೂಜೆಗೆ ಕೂತಾಗಲೂ ಕಣ್ಣು ಮುಚ್ಚಿದರೆ ಒಳಗೆ ಒಂದು ನೆರಳು ಓಡುತ್ತಿತ್ತು.

ಗ್ಯಾದರಿಂಗ್ ಹತ್ತಿರವಾದಂತೆ ಶಾಲೆಯ ಅಧ್ಯಕ್ಷರಿಗೆ ತಮ್ಮ ಮೊಮ್ಮಗಳೇ ಮುಖ್ಯ ಪಾತ್ರ ಮಾಡಲಿ ಅನಿಸಿತು. ಒಳ್ಳೆಯ ಮನುಷ್ಯ, ದಾಸೋಹಕ್ಕೆ ಕೈ ಬಿಚ್ಚಿ ಕೊಡುವವರು. ಮೊಮ್ಮಗಳು ಹಾಲಿನ ಕೆನೆಯಂಥ ಹುಡುಗಿ. ಬಾಯಿಯವರು ಹೆದರುತ್ತ ಅಂದರು: “ಅಧ್ಯಕ್ಷರ, ಮೋಡ ಕಾಯೂ ಹುಡುಗಿ ಕರ್ರಗದಾಳ್ರಿ.”

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ನಿನ್ನ ಹಂತೇಕ ಬಣ್ಣ ಇಲ್ಲೇನು?”

“ಅದರೀ.”

“ಮತ್ತೇನು. ಹಚ್ಚು.”

ಮುಡಬಿಯವಳಿಗೆ ಮೋಡದ ಪಾತ್ರ ಬಂತು. ಮಾತಿಲ್ಲ, ಅರಳೆ ಹಚ್ಚಿದ ಅಂಗಿ ತೊಟ್ಟು ತಲೆತಗ್ಗಿಸಿ ನಡೆಯಬೇಕು ಅಷ್ಟೇ. ಮೋಡ ಬೆಳ್ಳಗಿರಬೇಕು, ಹಾಗಾಗಿ ಮುಖಕ್ಕೆ ಬಿಳಿ. ಗ್ಯಾದರಿಂಗಿನ ದಿನ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು, ಶಿವನ ಹೆಸರು ಹೇಳಿ, ಎರಡು ಡಬ್ಬಿ ತೆರೆದೆ. ಬೆಳ್ಳಗಿನವಳಿಗೆ ಕಂದು, ಕಪ್ಪಗಿನವಳಿಗೆ ಬಿಳಿ. ಶಿವ ತಾಳ್ಮೆಯಿಂದ ಮಾಡಿದ್ದನ್ನು ನಾನು ಅವಸರದಲ್ಲಿ ಅದಲುಬದಲು ಮಾಡುತ್ತಿದ್ದೆ. ಮುಡಬಿಯವಳು ಅಳಲಿಲ್ಲ. ಕನ್ನಡಿಯಲ್ಲಿ ನನ್ನ ಎರಡೂ ಕೈ ನೋಡುತ್ತಿದ್ದವಳು ಕೊನೆಗೆ ಕೇಳಿದಳು:

“ಕಾಕಾ, ನಾವಿಬ್ಬರು ಜಾಗಾ ಬದಲ್ ಮಾಡಕೊಂಡ್ರ ನಿಮ್ಮ ಎರಡೂ ಡಬ್ಬಿ ಉಳೀತಿದ್ವಲ್ರಿ?”

ನೆದರು

ವೇಷ ಮುಗಿಯುವ ಹೊತ್ತಿಗೆ ಅಧ್ಯಕ್ಷರ ಮನೆಯವರು, ಅಂದರೆ ಮೊಮ್ಮಗಳು ಆಯಿ ಎಂದು ಕರೆಯುವ ಅಜ್ಜಿ, ಸೆರಗಿನಲ್ಲಿ ಉಪ್ಪು, ಕೆಂಪು ಮೆಣಸಿನಕಾಯಿ ಕಟ್ಟಿಕೊಂಡು ಪರದೆಯ ಹಿಂದೆ ಬಂದರು. ಮೊಮ್ಮಗಳು ವೇದಿಕೆಗೆ ಹೋಗುವ ಮೊದಲು ನೆದರು, ಅಂದರೆ ಕೆಟ್ಟ ದೃಷ್ಟಿ, ತೆಗೆಯಬೇಕು, ಆ ಮನೆಯ ಪದ್ಧತಿ. ಚಸ್ಮಾ ಮನೆಯಲ್ಲೇ ಬಿಟ್ಟುಬಂದಿದ್ದರು. ಮಕ್ಕಳ ಸಾಲಿನಲ್ಲಿ ಬೆಳ್ಳಗಿನ ಮುಖ ಹುಡುಕುತ್ತ ಬಂದವರು ಸೀದಾ ಮುಡಬಿಯ ಮೋಡದ ಮುಂದೆ ನಿಂತರು.

“ನನ್ನ ಬಂಗಾರ, ನನ್ನ ಕೆನಿ” ಎಂದು ಗದ್ದ ಹಿಡಿದು, ಕಂಡವರ ಕಣ್ಣು ಕಾಣದವರ ಕಣ್ಣು ಎಲ್ಲ ಸುಟ್ಟುಹೋಗಲಿ ಎಂದು ಉಪ್ಪು ಮೆಣಸಿನಕಾಯಿ ಇಳಿಸತೊಡಗಿದರು.

ಕಂದು ಬಣ್ಣದ ಮೊಮ್ಮಗಳು ಸೆರಗು ಜಗ್ಗಿದಳು. “ಆಯಿ, ನಾ ಇಲ್ಲಿದೀನಿ.”

ಹೊರಗೆ ಮೈಕು ಕೂಗುತ್ತಿತ್ತು. ಆಯಿಗೆ ದನಿ ಗುರುತಾಗಲಿಲ್ಲ. ತಿರುಗಿ ಒಂದು ಗಳಿಗೆ ನೋಡಿ, ಪ್ರೀತಿಯಿಂದಲೇ ಅಂದರು: “ಜರಾ ದೂರ ನಿಂದರು ನನ್ನವ್ವ. ನಿನಗ್ಯಾರು ನೆದರು ಹಾಕ್ತಾರ?”

ಅಂದು ಹೊರಟೇಹೋದರು. ಮೊಮ್ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಸ್ವಂತ ಆಯಿ ಅವಳನ್ನು ದೂರ ನಿಲ್ಲು ಅಂದಿದ್ದರು. ನನ್ನ ಕಂದು ಬಣ್ಣ ಕಣ್ಣೀರಿನೊಡನೆ ಗಲ್ಲದ ಮೇಲೆ ಹಳ್ಳವಾಗಿ ಹರಿಯಿತು. ಸಮಾಧಾನ ಮಾಡಲು ಹೋದರೆ ಇನ್ನಷ್ಟು ಹರಿಯಿತು.

ಮುಡಬಿಯವಳು ಕೆನ್ನೆ ಮುಟ್ಟಿಕೊಂಡು ಬೆರಗಿನಲ್ಲಿ ನಿಂತಿದ್ದಳು.

“ಕಾಕಾ, ನಮ್ಮ ಮನ್ಯಾಗ ನೆದರು ಬರೇ ಎಮ್ಮಿಗಿ ತಗೀತಾರ್ರಿ.”

ಹಚ್ಚಿದವರು

ಗಂಟೆ ಹೊಡೆಯಿತು. ಬಾಯಿಯವರು ಓಡಿ ಬಂದು ಮೊಮ್ಮಗಳ ಪಟ್ಟೆ ಪಟ್ಟೆಯಾದ ಮುಖ ನೋಡಿ ನೆಲಕ್ಕೆ ಕೂತರು. ಮತ್ತೆ ಹಚ್ಚಲು ಹೊತ್ತಿಲ್ಲ. ನಾನು ಕಣ್ಣು ಮುಚ್ಚಿದೆ. ನನಗೆ ಏನೂ ತೋಚದಾಗ ಮಾಡುವ ಕೆಲಸ ಅದೊಂದೇ.

ಮೂಗು ಒರೆಸಿಕೊಳ್ಳುತ್ತ ಮೊಮ್ಮಗಳೇ ಅಂದಳು: “ನಾ ಮೋಡ ಕಾಯಾಕ ಹೋಗೂದಿಲ್ಲ. ಆಕಿ ಹೋಗ್ಲಿ. ಆಕಿಗಿ ಮಾತೆಲ್ಲ ಬಾಯಿಪಾಠ ಅವ.”

“ನೀ ಏನಾಗ್ತಿ?” ಮುಡಬಿಯವಳು ಕೇಳಿದಳು.

ಇಬ್ಬರೂ ಕನ್ನಡಿ ನೋಡಿದರು. ಮೊಮ್ಮಗಳ ಬಿಳಿ ಗಲ್ಲ, ಅದರ ಮೇಲೆ ಕಂದು ಧಾರೆ.

“ಮಳಿ ಮೋಡ ಆಗು” ಅಂದಳು ಮುಡಬಿಯವಳು. “ಗುಡುಗು. ಬರೇ ತೆಲಿ ಕೆಳಗ ಹಾಕಿ ನಡ್ಯಾಕ ಬ್ಯಾಸರ ಆಗ್ತದ.”

ಒದ್ದೆ ಬಟ್ಟೆಯಿಂದ ಮುಡಬಿಯವಳ ಮುಖ ಒರೆಸಿದೆ. ಬಿಳಿ ಸರಿದು ಒಳಗಿನ ಎರೆಮಣ್ಣು ಮೇಲೆ ಬಂತು. ಇಬ್ಬರ ಅಂಗಿಯೂ ಅದಲುಬದಲಾಯಿತು. ಹಣೆಗೆ ವಿಭೂತಿ ಇಟ್ಟು ಕಳಿಸಿದೆ.

ಆಮೇಲೆ ಕಂಡದ್ದು ನಾಟಕವೋ ಕನಸೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವಳು ಕೋಲು ಹೆಗಲ ಮೇಲಿಟ್ಟು ನಡೆದರೆ ಅರಳೆಯ ಮೋಡಗಳು ತಾವೇ ಹಿಂದೆ ಹಿಂದೆ ಹೋದವು. ನಾಲಗೆಯನ್ನು ಮೇಲಕ್ಕೆ ಒತ್ತಿ ಆಡು ಕರೆಯುವ ಸಪ್ಪಳ ಮಾಡಿದಳು. ಬಾಯಿಯವರು ಅದನ್ನು ಕಲಿಸಿರಲಿಲ್ಲ. ಸಭೆಯಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು. ಕೊನೆಗೆ ಪಟ್ಟೆ ಮುಖದ ಮೋಡವೊಂದು ಮೂಲೆಯಿಂದ ಎಂಥ ಗುಡುಗು ಗುಡುಗಿತೆಂದರೆ, ಮುಂದಿನ ಸಾಲಿನ ಹಿರಿಯರು ಶಾಮಿಯಾನ ಸೋರುತ್ತದೋ ಎಂದು ಮೇಲೆ ನೋಡಿದರು.

ಮುಗಿದೊಡನೆ ಅಧ್ಯಕ್ಷರು ವೇದಿಕೆ ಹತ್ತಿದರು. ಕಣ್ಣು ಒದ್ದೆ. ಮೋಡ ಕಾಯುವವಳ ತಲೆ ನೇವರಿಸುತ್ತ ನನಗಂದರು: “ಶಾಬಾಸ್. ಏನ್ ಬಣ್ಣ ಹಚ್ಚೀಪಾ ನನ್ನ ಮೊಮ್ಮಗಳಿಗಿ. ದನಿ ಸೈತ ಬದಲ್ ಆಗ್ಯದ.”

ಅಷ್ಟರಲ್ಲಿ ಮಳೆಮೋಡ ಓಡಿ ಬಂದು ಅವರ ಮೊಣಕಾಲು ಅಪ್ಪಿಕೊಂಡಿತು. “ಅಜ್ಜಾ, ನಾ ಗುಡುಗಿದ್ದು ಹ್ಯಾಂಗಿತ್ತು?”

“ಚಲೋ ಇತ್ತವ್ವ ಮೋಡ, ಸರಿ ಆ ಕಡಿ. ಧೋತರಕ್ಕ ಬಣ್ಣ ಹತ್ತತದ” ಎಂದು ಅವರು ಸ್ವಂತ ಮೊಮ್ಮಗಳನ್ನು ಎರಡು ಬೆರಳಿನಿಂದ ಆಚೆ ಸರಿಸಿದರು. ಆಮೇಲೆ ನನ್ನ ಕಸುಬಿನ ಗಟ್ಟಿತನ ನೋಡಲೆಂದು ಮುಡಬಿಯವಳ ಗಲ್ಲವನ್ನು ಹೆಬ್ಬೆರಳಿನಿಂದ ಉಜ್ಜಿದರು. ಬೆರಳು ನೋಡಿಕೊಂಡರು. ಸ್ವಚ್ಛವಾಗಿತ್ತು. ಇನ್ನೊಮ್ಮೆ ಉಜ್ಜಿದರು.

“ಇದ್ಯಾಕ ಬಿಡವಲ್ದು?”

ಹುಡುಗಿ ತಲೆ ಎತ್ತಿ, ಬಹಳ ಗೌರವದಿಂದ ಹೇಳಿದಳು: “ಬಿಡೂದಿಲ್ರಿ ಅಜ್ಜಾರ. ಇದು ಕಾಕಾ ಹಚ್ಚಿದ್ದಲ್ಲ, ನಮ್ಮವ್ವ ಹಚ್ಚಿ ಕಳಿಸ್ಯಾಳ.”

ಅಧ್ಯಕ್ಷರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಬಗ್ಗಿ ಮೋಡದ ಪಟ್ಟೆ ಮುಖವನ್ನು ಬಹಳ ಹೊತ್ತು ನೋಡಿದರು. ಮೆಲ್ಲಗೆ ಆ ಮೋಡವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಧೋತರವೂ ಅಂಗಿಯೂ ಕಂದಾದವು. ಆಮೇಲೆ ಮುಡಬಿಯವಳಿಗೆ ಅಂದರು:

“ನಿಮ್ಮವ್ವಗ ಹೇಳು ತಂಗೀ. ಮುಂದಿನ ವರ್ಷದ ಗ್ಯಾದರಿಂಗಿಗಿ ಬಣ್ಣಾ ಹಚ್ಚಾಕ ಆಕಿನ್ನೇ ಕರಸ್ತೀನಿ. ಈ ಕಾಕಾಂದು ಒಂದು ತಾಸೂ ನಿಂದರೂದಿಲ್ಲ.”