ನರಕ್ಕೆ ಮೆತ್ತನ್ನ ಗಾದಿ

ನಮ್ಮ ಮನೆಗೆ ಯಾರಾದರೂ ಜಾಸ್ತಿ ಓದಿಕೊಂಡು ಬಂದರೆ ಏನಾದರೊಂದು ಆಗದೇ ಬಿಡುವುದಿಲ್ಲ. ಹೋದ ಶ್ರಾವಣದಲ್ಲಿ ಕಾಕಾನ ಮಗಳು, ನಮ್ಮ ಅಕ್ಕ, ಹೈದರಾಬಾದಿನ ಲ್ಯಾಬಿನಿಂದ ರಜೆಗೆಂದು ಶಹಾಬಾದಿಗೆ ಬಂದಳು. ನಾನಾಗ ಹತ್ತನೇ ಇಯತ್ತೆಯನ್ನು ಇನ್ನೊಮ್ಮೆ ಓದುತ್ತಿದ್ದೆ.

೧. ಅಜ್ಜನ ಪ್ರಶ್ನೆ

"ಅಲ್ಲಿ ಏನ್ ಮಾಡ್ತಿ, ನನಗ ತಿಳಿಯೂ ಹಂಗ ಹೇಳು. ತಿಳೀಲಿಲ್ಲಂದ್ರ ಹೈದರಾಬಾದ್ ಬಂದ್" ಎಂದರು ಅಜ್ಜ.

ಅಕ್ಕನ ಮುಖ ಸಣ್ಣದಾಯಿತು. "ಬಟ್ಟಲದಾಗ ನರದ ಜೀವಕೋಶ ಬೆಳಸ್ತೀವ್ರಿ ಅಜ್ಜಾ. ಬುಡಕ ಗಟ್ಟಿ ಹಾಸು ಇದ್ರ ಟೊಂಗಿ ಕಮ್ಮಿ. ಮಿದುಳಿನಂಗ ಮೆತ್ತಗಿದ್ರ ಭಾಳ ಟೊಂಗಿ ಒಡೀತಾವ."

"ನಾ ಹುಟ್ಟಿದಾಗಿಂದ ಈ ಪರಸಿಕಲ್ಲಿನ ಮ್ಯಾಲೇ ಮಲಗೀನಿ. ನನ್ನ ನರಕ್ಕೇನಾಗ್ಯದ?"

"ಅದನ್ನೇ ಆಕಿ ಹುಡುಕಾಕತ್ತಾಳ್ರಿ ಅಜ್ಜಾ" ಎಂದೆ ನಾನು.

ಅವತ್ತು ನನಗೆ ಊಟ ತಡವಾಗಿ ಸಿಕ್ಕಿತು.

೨. ಸಾಲಿಗೆ ತಲೆದಿಂಬು

ನಮ್ಮ ಊರಲ್ಲಿ ಕಲ್ಲಿಗೆ ಬರವಿಲ್ಲ. ಸಾಲಿಯಲ್ಲಿ ನೆಲ ಕಲ್ಲು, ಕಟ್ಟೆ ಕಲ್ಲು. ನಾನು ನಪಾಸಾದ ಕಾರಣ ಈಗ ಗೊತ್ತಾಯಿತು. ಮರುದಿನ ಅವ್ವನ ತಲೆದಿಂಬು ಒಯ್ದು ಅದರ ಮೇಲೆ ಕುಂತೆ.

"ಏನಲೇ ಇದು?" ಅಂದರು ಮಾಸ್ತರರು.

"ನರ ಬೆಳೀಲಿ ಅಂತ್ರೀ ಸರ. ಹೈದರಾಬಾದಿನಾಗ ಸಿದ್ಧ ಆಗ್ಯದ."

ಮಾಸ್ತರರು ದಿಂಬು ಕಸಿದು ತಮ್ಮ ಕುರ್ಚಿಗೆ ಹಾಕಿಕೊಂಡರು, ನನ್ನನ್ನು ಬರೀ ಕಲ್ಲಿನ ಮೇಲೆ ಮೊಣಕಾಲೂರಿಸಿದರು. ಅವರ ನರ ಎಷ್ಟು ಬೆಳೆದವೋ ಕಾಣೆ, ಗಂಟೆ ಬಾರಿಸುವ ತನಕ ಗೊರಕೆ ಹೊಡೆದರು.

ಅಕ್ಕ ಕೇಳಿ ಹಣೆ ಬಡಿದುಕೊಂಡಳು. "ಹಾಸು ಕೋಶಕ್ಕಲೇ, ನಿನ್ನ ಕುಂಡಿಗಲ್ಲ."

೩. ಎರಡು ತಾಟು

ಅಜ್ಜನಿಗೆ ಇನ್ನೂ ತಿಳಿದಿರಲಿಲ್ಲ. ಅಕ್ಕನ ರಜೆ ಮುಗಿಯುತ್ತ ಬಂದಿತ್ತು. ಕಡೆಗೆ ಆಕೆ ಚೈನಾ ಗ್ರಾಸ್ ಪುಡಿ ತರಿಸಿ, ನೀರಲ್ಲಿ ಕುದಿಸಿ, ಎರಡು ತಾಟಿನಲ್ಲಿ ಹೆಪ್ಪು ಹಾಕಿದಳು. ಒಂದಕ್ಕೆ ಜಾಸ್ತಿ ಪುಡಿ, ಗಟ್ಟಿ. ಇನ್ನೊಂದಕ್ಕೆ ಕಮ್ಮಿ, ಮೆತ್ತಗೆ. ಅಜ್ಜ ಬೆರಳಿಂದ ಒತ್ತಿ ನೋಡಲಿ ಎಂದು.

ಅಜ್ಜ ಒತ್ತಲಿಲ್ಲ, ಬಾಯಿಗೆ ಹಾಕಿದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಗಟ್ಟಿಯದನ್ನು ಆ ಕಡೆ ಈ ಕಡೆ ಹೊರಳಿಸಿ ಉಗುಳಿದರು. ಮೆತ್ತನ್ನದು ಬಳಿದು ತಿಂದು ತಾಟು ಕೆಳಗಿಟ್ಟರು.

"ಖರೇ ಅದ. ಇದು ಜೀವಕ್ಕ ಹಿತ. ಹೋಗವ್ವಾ, ಓದು."

ಒಳಗೆ ಬಂದು ಅಕ್ಕ ಆ ತಾಟು ನೆಕ್ಕಿ ನೋಡಿದಳು. "ಇದರಾಗ ಸಕ್ಕರಿ ಯಾರು ಹಾಕ್ಯಾರ?"

"ನಾ. ಏಲಕ್ಕಿನೂ ಹಾಕೀನಿ."

"ಎರಡಕ್ಕೂ ಒಂದೇ ಹಾಕಬೇಕಲೇ. ಇಂಥಾ ಪ್ರಯೋಗ ನಡ್ಯಾಂಗಿಲ್ಲ, ಸುಳ್ಳು ಅಂತಾರ ಇದಕ್ಕ."

"ಹಂಗಾದ್ರ ಅಜ್ಜಗ ಹೇಳಿ ಇನ್ನೊಮ್ಮೆ ತಿನ್ನಿಸೂಣೇನು?"

ಅಕ್ಕ ತಾಟು ತೊಳೆದಿಟ್ಟಳು. ಆಮೇಲೆ, ವಾಡಿ ಸ್ಟೇಷನ್ನಿನಿಂದ ಹೈದರಾಬಾದ್ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದಳು.

ಅಜ್ಜ ಈಗಲೂ ಊರ ಗುಡಿಯ ಕಟ್ಟೆಗೆ ಕುಂತು ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮ ಮೊಮ್ಮಗಳು ಹೈದರಾಬಾದಿನಾಗ ಹಲ್ಲಿಲ್ಲದವರಿಗೆ ಮಿಠಾಯಿ ಕಂಡು ಹಿಡ್ಯಾಕತ್ತಾಳ."