ಮೆಟ್ಟಿಲ ಮೇಲೆ ನಮ್ಮನ್ನು ನಲವತ್ತು ನಿಮಿಷ ನಿಲ್ಲಿಸಿದವರಿಗೆ

ಬೀಗ ರಿಪೇರಿ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವಿನ ಎಂಟಡಿ ಅಗಲದ ಜಾಗದಲ್ಲಿ ಇಡೀ ಬಡಾವಣೆಯ ಮುಖಗಳನ್ನು ಗಾಜಿನ ಹಿಂದೆ ನೇತುಹಾಕಿ ಕಾಪಾಡುತ್ತಿರುವ ಛಾಯಾಗ್ರಾಹಕರ ಸನ್ನಿಧಿಗೆ, ಮೂರು ತಿಂಗಳ ಹಿಂದೆ ತಾವು ನಡೆಸಿಕೊಟ್ಟ ಮದುವೆಯ ವಧುವಿನ ತಾಯಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಕ್ಯಾಮೆರಾವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿದ್ದೇವೆ, ಈ ದೂರು ಬರೆಯಬೇಕಾಗಿ ಬಂದದ್ದೇ ಆ ಕಾರಣದಿಂದ. ನಾನು ಇಪ್ಪತ್ತೆಂಟು ವರ್ಷಗಳಿಂದ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಬರೆದವರ ಪತ್ರಗಳನ್ನೂ, ಬಂದ ನೀರು ನಿಲ್ಲುತ್ತಿಲ್ಲವೆಂದು ಬರೆದವರ ಪತ್ರಗಳನ್ನೂ ಸಮಾನ ಗೌರವದಿಂದ ಓದಿ, ಮುದ್ರೆ ಒತ್ತಿ, ಕಡತಕ್ಕೆ ಸೇರಿಸಿದವಳು. ನಾನಾಗಿ ಬರೆಯುತ್ತಿರುವ ಮೊದಲ ದೂರು ಇದು. ಅಲ್ಲಲ್ಲಿ ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಬೇಕು. ತಾವು ತೆಗೆದ ಫೋಟೋಗಳನ್ನು ನಾವು ಕ್ಷಮಿಸಿದಂತೆ.

ತಮ್ಮನ್ನು ಗೊತ್ತುಮಾಡಿದ್ದು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮಗಳು ಊರಿನ ಆಚೆ ತುದಿಯ ಯಾವುದೋ ದೊಡ್ಡ ಸ್ಟುಡಿಯೋ ನೋಡಿಟ್ಟಿದ್ದಳು. ಮನೆಯಿಂದ ಎರಡು ಬೀದಿ ದೂರದಲ್ಲಿ ಒಬ್ಬರಿರುವಾಗ ಅಷ್ಟು ದೂರ ಯಾಕೆ ಎಂದು ಅವಳನ್ನು ಎಳೆದುಕೊಂಡು ಬಂದವಳು ನಾನು. ತಾವು ಅವಳ ಹೆಸರು ಕೇಳಲಿಲ್ಲ, ಮದುವೆ ಯಾವತ್ತೆಂದು ಕೇಳಲಿಲ್ಲ. ಎರಡೇ ಬೆರಳಲ್ಲಿ ಅವಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ, "ಎಡಗಡೆ ಮುಖ ಚೆನ್ನಾಗಿದೆ, ಬಲಗಡೆದು ನನಗೆ ಬಿಡಿ" ಎಂದಿರಿ. ಅವಳು ಕೋಪದಿಂದಲೇ, "ನಮಗೆ ನ್ಯಾಚುರಲ್ ಆಗಿ ಬರಬೇಕು ಸಾರ್, ಹೇಳಿ ನಗಿಸಿದ್ದೆಲ್ಲ ಬೇಡ" ಎಂದದ್ದಕ್ಕೆ ತಾವು ಕೊಟ್ಟ ಉತ್ತರವನ್ನು ನಾನು ಇವತ್ತಿಗೂ ಮರೆತಿಲ್ಲ: "ನಗಿ ಅಂತ ನಾನು ಯಾರಿಗೂ ಹೇಳಲ್ಲಮ್ಮ. ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ಹೇಳ್ತೀನಿ." ಇಂಥ ಆತ್ಮವಿಶ್ವಾಸ ನಮ್ಮ ಕಚೇರಿಯ ಮುಖ್ಯ ಇಂಜಿನಿಯರರಲ್ಲೂ ನಾನು ಕಂಡಿಲ್ಲ. ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮದುವೆಯ ದಿನ ತಾವು ತೋರಿದ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ನೋಂದಣಿ ಪುಸ್ತಕಕ್ಕೆ ಮಗಳು ಸಹಿ ಹಾಕುವಾಗ ಪೆನ್ನಿನ ನೆರಳು ಬಿತ್ತೆಂದು ಇನ್ನೊಮ್ಮೆ ಹಾಕಿಸಿದಿರಿ, ಬಳಿಕ ಅಳಿಯ ಅಡ್ಡ ಬಂದನೆಂದು ಮತ್ತೊಮ್ಮೆ. ಮೂರನೆಯ ಸಲಕ್ಕೆ ನೋಂದಣಾಧಿಕಾರಿ ಕನ್ನಡಕ ತೆಗೆದು, "ಇವರಿಬ್ಬರಿಗೆ ಈಗ ಎಷ್ಟು ಸಲ ಮದುವೆ ಆಗಿದೆ ಅಂತ ನಾನು ಬರೆಯಲಿ?" ಎಂದು ಕೇಳಿದರು. ತಾವು ಅವರಿಗೂ ಗದ್ದ ಸ್ವಲ್ಪ ಎತ್ತಲು ಹೇಳಿದಿರಿ. ಅವರು ಎತ್ತಿದರು! ಸರ್ಕಾರಿ ಅಧಿಕಾರಿಯೊಬ್ಬರು ಅರ್ಜಿಯಿಲ್ಲದೆ ಗದ್ದ ಎತ್ತಿದ್ದನ್ನು ನನ್ನ ಸೇವಾವಧಿಯಲ್ಲಿ ನೋಡಿದ್ದು ಅದೊಂದೇ ಸಲ.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸಬೇಕಾಗಿದೆ. ನಮ್ಮ ಮನೆಯವರೂ ಅವರ ತಮ್ಮನೂ, ಅಂದರೆ ನನ್ನ ಮೈದುನ, ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಮಾವನವರು ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ನಮ್ಮ ಮನೆಯವರು ಅಲ್ಲಿಗೆ ತಲುಪಿದ್ದು ಒಂದು ಗಂಟೆ ತಡವಾಗಿ. ಏಳು ದಿನದಿಂದ ನಿದ್ದೆಯಿಲ್ಲದೆ ಅಪ್ಪನ ಪಕ್ಕ ಕೂತಿದ್ದ ಮೈದುನ, ವಾರ್ಡಿನ ಬಾಗಿಲಲ್ಲೇ, ನರ್ಸುಗಳ ಎದುರಿಗೇ, "ಈಗ ಬಂದ್ಯಾ? ಸಹಿ ಹಾಕಿ ಹೆಣ ತಗೊಂಡು ಹೋಗೋದೊಂದು ಬಾಕಿ ಇದೆ" ಎಂದುಬಿಟ್ಟರು. ನಮ್ಮ ಮನೆಯವರು ಏನೂ ಹೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ಹೇಳಲಿಲ್ಲ.

ನಾನೂ ವಾರಗಿತ್ತಿಯೂ ಇವರಿಬ್ಬರ ಬೆನ್ನ ಹಿಂದೆ ಫೋನಿನಲ್ಲಿ ಮಾತಾಡಿಕೊಂಡು ಸಂಸಾರ ನಡೆಸಿದೆವು. ಮದುವೆಗೆ ಮೈದುನ ಬಂದದ್ದು ಮಗಳು ಹೋಗಿ ಅವರ ಸೋಫಾದ ಮೇಲೆ ಮೂರು ಗಂಟೆ ಅಲ್ಲಾಡದೆ ಕೂತದ್ದರಿಂದ. ಅವರು ಬರುತ್ತಾರೆಂದು ತಿಳಿದ ಮೇಲೆ ನಾನು ವಾರವಿಡೀ ಕೂತು ಒಂದು ನಕ್ಷೆ ಬರೆದೆ. ಊಟಕ್ಕೆ ಯಾರು ಎಲ್ಲಿ, ಗುಂಪಿನ ಫೋಟೋಗೆ ಯಾರು ಎಲ್ಲಿ, ಎಲ್ಲವೂ ಅದರಲ್ಲಿತ್ತು. ನಮ್ಮ ಮನೆಯವರು ಮೆಟ್ಟಿಲ ಎಡತುದಿಗೆ, ಮೈದುನ ಬಲತುದಿಗೆ, ನಡುವೆ ಇಪ್ಪತ್ತಾರು ಜನ. ಅದನ್ನು ತಮ್ಮ ಕೈಗೆ ಕೊಟ್ಟು ಎರಡೆರಡು ಸಲ ವಿವರಿಸಿದೆ. ತಾವು "ಆಯ್ತಮ್ಮ, ಆಯ್ತಮ್ಮ" ಎಂದಿರಿ, ಕಾಗದವನ್ನು ನಾಲ್ಕಾಗಿ ಮಡಚಿದಿರಿ, ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಅಲ್ಲಾಡುತ್ತಿತ್ತೆಂದು ಅದರ ಕೆಳಗಿಟ್ಟಿರಿ.

ಬಳಿಕ ಸಭಾಂಗಣದ ಮುಂದಿನ ಮೆಟ್ಟಿಲ ಮೇಲೆ ನಮ್ಮನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದಿರಿ. ಅಣ್ಣತಮ್ಮಂದಿರು ಒಂದೇ ಎತ್ತರ ಇರುತ್ತಾರೆಂಬುದನ್ನು ನಾನು ಯೋಚಿಸಿರಲಿಲ್ಲ. ನನ್ನ ಹಿಂದಿನ ಮೆಟ್ಟಿಲಲ್ಲೇ ಇಬ್ಬರನ್ನೂ ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ, "ಅಣ್ಣತಮ್ಮ ಅಲ್ವಾ ಸಾರ್? ಮೂಗೇ ಹೇಳುತ್ತೆ. ಹೆಗಲ ಮೇಲೆ ಕೈ ಹಾಕ್ಕೊಳ್ಳಿ. ಇನ್ನೂ ಹತ್ತಿರ. ಏನ್ ಸಾರ್, ಮಧ್ಯೆ ಲಾರಿ ಹೋಗೋಷ್ಟು ಜಾಗ ಬಿಟ್ಟಿದ್ದೀರಲ್ಲ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಿರಿ. ನಮ್ಮ ಬೀಗರೆಲ್ಲ ನಕ್ಕರು. ವಾರಗಿತ್ತಿ ನನ್ನ ಕೈ ಹಿಡಿದಳು. ಹೊಸ ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂದೋ ಏನೋ, ನನ್ನ ಬೆನ್ನ ಹಿಂದೆ ಬಟ್ಟೆ ಸರಿದಾಡಿದ ಸದ್ದಾಯಿತು. ಕೈ ಹಾಕಿದ್ದರು.

ಆಮೇಲೆ ತಮ್ಮ ಫ್ಲ್ಯಾಶ್ ಕೈಕೊಟ್ಟಿತು. ಅದು ಸರಿಹೋಗುವಷ್ಟರಲ್ಲಿ ಮೋಡ ಬಂತು. ಮೋಡ ಹೋಗುವಷ್ಟರಲ್ಲಿ ತಾವು ಲೆನ್ಸ್ ಬದಲಾಯಿಸಿದಿರಿ. "ಯಾರೂ ಅಲ್ಲಾಡಬೇಡಿ, ಕೈ ತೆಗೀಬೇಡಿ, ಸುಮ್ನೆ ಮಾತಾಡ್ಕೊಂಡಿರಿ" ಎಂದು ನಲವತ್ತು ನಿಮಿಷ ನಮ್ಮನ್ನು ಬಿಸಿಲಲ್ಲಿ ಒಣಹಾಕಿದಿರಿ. ನಾನು ತಿರುಗಿ ನೋಡುವಂತಿರಲಿಲ್ಲ. ಆದರೆ ಕಿವಿ ಹಿಂದಕ್ಕೇ ಇತ್ತು.

ಹನ್ನೊಂದು ವರ್ಷದ ಮೇಲೆ ನಮ್ಮ ಮನೆಯವರ ಬಾಯಿಂದ ಬಂದ ಮೊದಲ ಮಾತು, ಗಾಳಿಗೆ ಹೇಳಿದ ಹಾಗೆ: "ಇವನಿಗೆ ನಿಜವಾಗ್ಲೂ ಫೋಟೋ ತೆಗೆಯೋಕೆ ಬರುತ್ತಾ?"

ಅದಕ್ಕೆ ಮೈದುನ, ಅವರೂ ಗಾಳಿಗೇ: "ಇಂಥವನನ್ನ ಯಾರು ಗೊತ್ತುಮಾಡಿದ್ದು?"

"ನಿಮ್ಮತ್ತಿಗೆ."

"ಹಂಗಾದ್ರೆ ಬಾಯಿ ಮುಚ್ಕೊಂಡು ನಿಂತ್ಕೋಬೇಕು."

ನನಗೆ ನಗು ಬಂತು. ತಾವು "ಅಮ್ಮಾ, ನಗು ನಿಲ್ಸಿ" ಎಂದಿರಿ. ಅಷ್ಟು ಹೊತ್ತಿಗೆ ಹಿಂದಿನ ಮಾತು ತಗ್ಗಿದ ದನಿಗೆ ಇಳಿದಿತ್ತು. ಯಾಕೆ ಒಂದೇ ಕಾಲ ಮೇಲೆ ನಿಂತಿದ್ದೀಯ ಎಂದು ನಮ್ಮ ಮನೆಯವರು ಕೇಳಿದರು. ಮಂಡಿ ನೋವು, ಎರಡು ವರ್ಷ ಆಯಿತೆಂದು ಮೈದುನ ಹೇಳಿದರು. "ನನ್ನ ಮೇಲೆ ಭಾರ ಬಿಡು" ಎಂದರು ಇವರು. ಮೆಟ್ಟಿಲ ಮೇಲೆ ಚಪ್ಪಲಿ ಉಜ್ಜಿದ್ದು ಕೇಳಿಸಿತು. ಆಮೇಲೆ:

"ಅವತ್ತು ಬಸ್ಸು ಕೆಟ್ಟು ನಿಂತಿತ್ತು ಕಣೋ. ಅರ್ಧ ದಾರಿ ಓಡ್ಕೊಂಡು ಬಂದೆ."

"ಗೊತ್ತು ಅಣ್ಣ."

"ಗೊತ್ತಿತ್ತಾ?"

"ಮೂರು ದಿನ ಆದಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ಅಂದುಬಿಟ್ಟಿದ್ದೆ."

ಆ ಕ್ಷಣಕ್ಕೆ ಸರಿಯಾಗಿ ತಾವು "ರೆಡಿ" ಎಂದು ಕೂಗಿ ಕ್ಲಿಕ್ಕಿಸಿದಿರಿ. ಒಂದಲ್ಲ, ಹದಿನೈದೋ ಇಪ್ಪತ್ತೋ ಸಲ. ನನ್ನ ಬೆನ್ನ ಹಿಂದಿದ್ದ ಮುಖಗಳನ್ನು ಆಗ ಎದುರಿನಿಂದ ನೋಡಿದವರು ತಾವೊಬ್ಬರೇ.

ಆಲ್ಬಂ ಬಂತು. ಆರುನೂರ ಹದಿನೆಂಟು ಫೋಟೋಗಳು. ನನ್ನ ವಾರಗಿತ್ತಿ ಬಾಯಿ ತೆರೆದು ಊಟ ಮಾಡುತ್ತಿರುವುದು ಒಂಬತ್ತು ಕೋನಗಳಿಂದ ಬಂದಿದೆ. ಅಳಿಯನ ಒಂದು ಕಿವಿ ಯಾವ ಪುಟದಲ್ಲೂ ಇಲ್ಲ. ಸಭಾಂಗಣದ ಖಾಲಿ ಕುರ್ಚಿಗಳು ಮಾತ್ರ ಬಹಳ ಭಾವಪೂರ್ಣವಾಗಿ ಮೂಡಿವೆ. ಮೆಟ್ಟಿಲ ಫೋಟೋ ಇರಲಿಲ್ಲ. ತಮ್ಮ ಅಂಗಡಿಗೆ ಬಂದು ಕೇಳಿದಾಗ ತಾವು ನೆಲ ನೋಡುತ್ತಾ ಹೇಳಿದಿರಿ: "ಕಾರ್ಡ್ ತುಂಬಿತ್ತಮ್ಮ, ತೆಗೆದು ಜೇಬಲ್ಲಿ ಇಟ್ಕೊಂಡೆ. ಹೊಸದು ಹಾಕಿದೀನಿ ಅಂದ್ಕೊಂಡೆ." ನಲವತ್ತು ನಿಮಿಷ, ಇಪ್ಪತ್ತೆಂಟು ಜನ, ಖಾಲಿ ಕ್ಯಾಮೆರಾ!

ಮನೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಇಬ್ಬರೂ ನಮ್ಮ ಮನೆಯಲ್ಲೇ ಕೂತು ಆ ಒಂದು ಫೋಟೋಗೆ ಕಾಯುತ್ತಿದ್ದರು. ಮೈದುನ ಗೋಡೆಗೆ ಮೊಳೆ ಕೂಡ ಹೊಡೆಸಿದ್ದರು. ಹೇಳಿದರೆ ಎಲ್ಲ ಮತ್ತೆ ಮುರಿದುಬೀಳುತ್ತದೆಂದು ಹೆದರುತ್ತಲೇ ಹೇಳಿದೆ. ಆಗಿದ್ದೇ ಬೇರೆ. ಇಬ್ಬರೂ ಒಟ್ಟಿಗೆ ಎದ್ದು ನಿಂತು, ಒಟ್ಟಿಗೆ ಚಪ್ಪಲಿ ಹಾಕಿಕೊಂಡು, ತಮ್ಮನ್ನು ಬೈಯಲು ಹೊರಟರು. ಅವತ್ತಿನಿಂದ ಪ್ರತಿ ಶನಿವಾರ ಸಂಜೆ ಐದಕ್ಕೆ ಮೈದುನ ನಮ್ಮ ಮನೆಗೆ ಬರುತ್ತಾರೆ. ಕಳೆದ ವಾರ ಏನು ಬೈದಿದ್ದೆವು, ಈ ವಾರ ಯಾವುದು ಬಾಕಿ ಇದೆ ಎಂದು ಚಹಾ ಕುಡಿಯುತ್ತಾ ಇಬ್ಬರೂ ಚರ್ಚಿಸುತ್ತಾರೆ. ಒಬ್ಬರ ಹೆಗಲು ಇನ್ನೊಬ್ಬರು ಹಿಡಿದು ತಮ್ಮ ಅಂಗಡಿಯ ತನಕ ನಡೆಯುತ್ತಾರೆ. ತಾವು ಎಂದಿನಂತೆ "ಹಾಗೆಲ್ಲ ಮಾತಾಡ್ಬೇಡಿ ಸಾರ್, ನನಗೆ ಬೇರೆ ಕೆಲಸ ಇದೆ" ಎಂದು ಬೆನ್ನು ತಿರುಗಿಸುತ್ತೀರಿ. ಬರುವಾಗ ಇಬ್ಬರೂ ಹತ್ತು ವರ್ಷ ಚಿಕ್ಕವರಾಗಿ ಬರುತ್ತಾರೆ. ಊಟ ನಮ್ಮಲ್ಲೇ. ಬೈಗುಳಗಳ ನಡುವೆ ಅಪ್ಪನ ಮಾತೂ ಬರುತ್ತದೆ, ಅವರು ಶೇವ್ ಮಾಡಿಕೊಳ್ಳುವಾಗ ಕನ್ನಡಿಗೆ ಬೈಯುತ್ತಿದ್ದದ್ದು ಬರುತ್ತದೆ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಹೀಗಿರುವಾಗ ಮಾನ್ಯರೇ, ಕಳೆದ ಶನಿವಾರ ತಾವು ಮಾಡಿದ್ದೇನು? ಕುರ್ಚಿ ಹಾಕಿ ಕೂರಿಸಿದಿರಿ. ಕೈ ಮುಗಿದಿರಿ. "ತಪ್ಪು ನನ್ನದೇ ಸಾರ್. ಆ ಫೋಟೋ ನೆನೆಸ್ಕೊಂಡ್ರೆ ನನಗೂ ನಿದ್ದೆ ಬರಲ್ಲ. ನೀವಿಬ್ರೂ ಭಾನುವಾರ ಬನ್ನಿ, ಚೆನ್ನಾಗಿ ತೆಗೆದು ಫ್ರೇಮ್ ಹಾಕಿಸಿ ಕೊಡ್ತೀನಿ" ಎಂದಿರಿ. ನನ್ನ ದೂರು ಇದೇ.

ಇಬ್ಬರೂ ಸಪ್ಪೆಮುಖ ಹಾಕಿಕೊಂಡು ಮನೆಗೆ ಬಂದರು. "ಪಾಪ, ಒಳ್ಳೆಯವನು" ಎಂದರು ಇವರು. "ಹೌದು" ಎಂದರು ಮೈದುನ. ಅಷ್ಟೇ. ಚಹಾ ಆರಿತು. ಇಪ್ಪತ್ತು ನಿಮಿಷ ಕಳೆದ ಮೇಲೆ ಮೈದುನ, ಫೋಟೋದಲ್ಲಿ ಕುರ್ಚಿಯ ಮೇಲೆ ಕೂರುವವರು ಯಾರು ಎಂದು ಕೇಳಿದರು. "ದೊಡ್ಡವನು ನಾನಲ್ವಾ?" ಎಂದರು ಇವರು. "ಮಂಡಿ ನೋವಿರೋದು ನನಗೆ" ಎಂದರು ಅವರು. ಆ ದನಿ ನನಗೆ ಗೊತ್ತು. ಹನ್ನೊಂದು ವರ್ಷ ಅದರ ಜೊತೆ ಸಂಸಾರ ಮಾಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು. ತಾವು ಕೂಡಲೇ ಮೊದಲಿನ ಹಾಗಾಗಬೇಕು. ಭಾನುವಾರ ಇಬ್ಬರೂ ಬಂದಾಗ ಅಂಗಡಿ ತಡವಾಗಿ ತೆರೆಯಬೇಕು. ಒಳಗೆ ಒಂದೇ ಒಂದು ಕುರ್ಚಿಯೂ ಕಾಣಬಾರದು. ಸಾಧ್ಯವಾದರೆ ಇಬ್ಬರೂ ಎಡಗಡೆ ಬರುವಂತೆ, ಇಬ್ಬರೂ ದೊಡ್ಡವರಾಗಿ ಕಾಣುವಂತೆ ಫೋಟೋ ತೆಗೆಯಬೇಕು. ಮೂರು ಸಹಿಯಲ್ಲಿ ಒಂದು ಮದುವೆ ಮಾಡಿಸಿದ ತಮಗೆ ಇದು ದೊಡ್ಡ ಮಾತಲ್ಲ. ಕ್ಷಮೆ ಕೇಳುವ ಅಭ್ಯಾಸವನ್ನು ಬೇರೆ ಗಿರಾಕಿಗಳ ಮೇಲೆ ಮಾಡಿಕೊಳ್ಳಿ. ಇದ್ಯಾವುದೂ ಆಗದಿದ್ದರೆ, ಒಂದನ್ನು ಮಾತ್ರ ದಯವಿಟ್ಟು ಮಾಡಿ. ಫೋಟೋ ಬರಲಿ, ಬರದಿರಲಿ, ಅವಸರ ಮಾಡಬೇಡಿ. ಹೆಗಲ ಮೇಲೆ ಕೈ ಹಾಕಿಸಿ, ಅಲ್ಲಾಡಬೇಡಿ ಎಂದು ಗದರಿಸಿ, ಅವರಿಬ್ಬರನ್ನೂ ಅಲ್ಲೇ ನಿಲ್ಲಿಸಿಕೊಂಡಿರಿ.

ಲಕೋಟೆಗೆ ಅಂಟು ಹಚ್ಚಿಲ್ಲ. ತಮ್ಮ ಬಾಗಿಲು ಹಾಕಿದ್ದರೆ ಇದನ್ನು ಪಕ್ಕದ ಇಸ್ತ್ರಿ ಅಂಗಡಿಯಾಕೆಯ ಕೈಗೆ ಕೊಡುವುದರಿಂದ, ಪತ್ರ ತಾನಾಗಿಯೇ ಬಹಿರಂಗವಾಗುತ್ತದೆ. ಯಾರಿಗೆ ಬೇಕಾದರೂ ತೋರಿಸಿ. ಒಂದೇ ಮೂಗಿನ ಆ ಇಬ್ಬರಿಗೆ ಬಿಟ್ಟು.

ಇಷ್ಟೆಲ್ಲ ಆದಮೇಲೂ ತಮ್ಮ ಅಸಾಮರ್ಥ್ಯದ ಮೇಲೆ ಪೂರ್ಣ ಭರವಸೆ ಇಟ್ಟಿರುವ,

ತಮ್ಮ ವಿಶ್ವಾಸಿ,
ವಧುವಿನ ತಾಯಿ

ತಾ.ಕ.: ನಮ್ಮ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವವಳ ಮಗನಿಗೆ ಮದುವೆ ಗೊತ್ತಾಗಿದೆ. ಒಳ್ಳೆಯ ಫೋಟೋಗ್ರಾಫರ್ ಇದ್ದರೆ ಹೇಳಿ ಎಂದಿದ್ದಳು. ಎರಡು ವಾರ ತಮ್ಮ ಹೆಸರೆತ್ತದೆ ಸುಮ್ಮನಿದ್ದೆ. ಅವಳ ಮೂವರು ಅಕ್ಕಂದಿರು ಎಂಟು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವೆಂದು ನಿನ್ನೆ ತಿಳಿಯಿತು. ಕೂಡಲೇ ತಮ್ಮ ವಿಳಾಸ ಬರೆದುಕೊಟ್ಟಿದ್ದೇನೆ. ಮೂವರೂ ಒಂದೇ ಎತ್ತರವಂತೆ.